ಚಿಪ್ಪಿನ ಮೇಲೆ ಸಿಟ್ಟೇಕೆ?

ಹಳ್ಳಿಗಾಡಿನ ಮನೆಯೊಂದರ ಹತ್ತಿರ, ಉದುರಿದ ಎಲೆಗಳ ಮೇಲೆ ಇಬ್ಬರು ಸ್ನೇಹಿತರು ಹೊರಳಾಡಿ ಹೊಡೆದಾಡುತ್ತಾರೆ. ಒಬ್ಬಳು ಮರೀ, ಇನ್ನೊಬ್ಬ ಫ್ರಾನ್ಸಿಸ್. ಇಬ್ಬರಿಗೂ ಬೇಕಾದವನು ನಿಕೊಲಾ ಎಂಬ ಗುಂಗುರು ಕೂದಲಿನ ಹುಡುಗ. ಅವನು ಇವರಲ್ಲಿ ಯಾರಿಗೂ ಮಾತು ಕೊಟ್ಟಿಲ್ಲ, ಯಾರನ್ನೂ ತನ್ನವರೆಂದು ಕರೆದಿಲ್ಲ. ಆದರೂ ಜೀವದ ಗೆಳೆಯರಿಬ್ಬರು ಕೈಕೈ ಮಿಲಾಯಿಸಿದ್ದಾರೆ. ಕೆನಡಾದ ಝೇವಿಯರ್ ದೊಲಾನ್ 2010ರಲ್ಲಿ ಮಾಡಿದ ‘ಲೆಜಮೂರ್ ಇಮಾಜಿನೇರ್’ ಚಿತ್ರದ ಈ ದೃಶ್ಯ ಕಂಡಾಗಿನಿಂದ ಒಂದು ಪ್ರಶ್ನೆ ನನ್ನನ್ನು ಹಿಡಿದುಕೊಂಡಿದೆ. ತಮಗೆ ಒಲಿಯದವರಿಗೆ ಮನಸ್ಸು ಕೊಟ್ಟವರು ನಿಜಕ್ಕೂ ಮನಸ್ಸು ಕೊಟ್ಟದ್ದು ಯಾರಿಗೆ?

ಇದು ಹರೆಯದವರ ಪ್ರಶ್ನೆ ಎಂದು ತಳ್ಳಿಹಾಕುವವರಿದ್ದಾರೆ. ಬಾಗಲಕೋಟೆ ಕಡೆಯ ಕಾಲೇಜಿನಲ್ಲಿ ಬಿ.ಎ. ತರಗತಿಗೆ ತತ್ವಶಾಸ್ತ್ರ ಕಲಿಸಿ ನಿವೃತ್ತಳಾದ ನನಗೆ ಹಾಗನ್ನಿಸುವುದಿಲ್ಲ. ಕಂಡದ್ದೇನು, ಕಂಡಂತೆ ತೋರಿದ್ದೇನು ಎಂಬ ವಿಚಾರ ನಮ್ಮ ದರ್ಶನಗಳ ಬುಡದಲ್ಲೇ ಇದೆ. ಆ ವಿಚಾರ ಪುಸ್ತಕದಿಂದ ಎದ್ದು ಬಂದು ಮನುಷ್ಯನ ಎದೆಗೆ ನಾಟುವುದು ಪ್ರೀತಿಯ ಹೊತ್ತಿನಲ್ಲಿ, ಅದರಲ್ಲೂ ಪ್ರೀತಿ ತಿರುಗಿ ಬಾರದ ಹೊತ್ತಿನಲ್ಲಿ.

ಚಿತ್ರ ಹೊರಬಂದಾಗ ದೊಲಾನ್‌ಗೆ 21 ವರ್ಷ. ಅವನ ಮೊದಲ ಚಿತ್ರ, ತಾಯಿ–ಮಗನ ಜಗಳದ ಕಥೆ, ಹಿಂದಿನ ವರ್ಷವಷ್ಟೇ ಬಂದಿತ್ತು. ಈ ಎರಡನೆಯದು ಕಾನ್ ಚಿತ್ರೋತ್ಸವದ ‘ಅನ್ ಸರ್ಟನ್ ರಿಗಾರ್ಡ್’ ವಿಭಾಗದಲ್ಲಿ ತೆರೆಕಂಡಿತು. ಬರೆದವನೂ ನಿರ್ದೇಶಿಸಿದವನೂ ಅವನೇ, ಸಂಕಲನವೂ ಉಡುಪಿನ ವಿನ್ಯಾಸವೂ ಅವನದೇ, ಫ್ರಾನ್ಸಿಸ್ ಪಾತ್ರದಲ್ಲಿ ನಟಿಸಿದವನೂ ಅವನೇ. ಮರೀಯಾಗಿ ಮೋನಿಯಾ ಶೋಕ್ರಿ, ನಿಕೊಲಾ ಆಗಿ ನೀಲ್ಸ್ ಶ್ನೈಡರ್ ಇದ್ದಾರೆ. ಕಥೆ ನಡೆಯುವುದು ಮಾಂಟ್ರಿಯಲ್ ನಗರದಲ್ಲಿ, ಕ್ವಿಬೆಕ್ ಸೀಮೆಯ ಫ್ರೆಂಚ್ ಮಾತಿನಲ್ಲಿ. ಕಥೆಯೆಂದು ಹೇಳುವುದಕ್ಕೆ ಹೆಚ್ಚೇನಿಲ್ಲ. ಸ್ನೇಹಿತರಿಬ್ಬರು ಹೊಸಬನೊಬ್ಬನನ್ನು ಕಾಣುತ್ತಾರೆ. ಅವನು ತಮಗೇನೂ ಹಿಡಿಸಲಿಲ್ಲವೆಂದು ಒಬ್ಬರಿಗೊಬ್ಬರು ಹೇಳಿಕೊಂಡು, ಒಳಗೊಳಗೇ ಇಬ್ಬರೂ ಅವನ ಹಿಂದೆ ಬೀಳುತ್ತಾರೆ. ಮೂವರೂ ಒಟ್ಟಿಗೆ ತಿರುಗುತ್ತಾರೆ, ಒಂದೇ ಹಾಸಿಗೆಯಲ್ಲಿ ಮಲಗುತ್ತಾರೆ. ಕೊನೆಗೆ ಇಬ್ಬರೂ ಬೇರೆ ಬೇರೆಯಾಗಿ ಅವನ ಮುಂದೆ ಮನಸ್ಸು ಬಿಚ್ಚುತ್ತಾರೆ, ಬರಿಗೈಯಲ್ಲಿ ಮರಳುತ್ತಾರೆ.

ನನಗೆ ಇದನ್ನು ತೋರಿಸಿದವಳು ಬೆಂಗಳೂರಿನಲ್ಲಿ ಕೆಲಸ ಮಾಡುವ ನನ್ನ ತಮ್ಮನ ಮಗಳು. ದೀಪಾವಳಿಗೆ ಬಂದಾಗ ಲ್ಯಾಪ್‌ಟಾಪನ್ನು ಊಟದ ಟೇಬಲ್ಲಿನ ಮೇಲಿಟ್ಟು, “ಅತ್ತಿ, ಇದರಾಗ ಮಂದಿ ಸುಮ್ಮನ ನಡೀತಾರ. ಆದರ ನಡಿಯೂದ ಎಷ್ಟ್ ಚೆಂದ ಐತಿ ನೋಡ್ರಿ” ಎಂದಳು. ಅವಳ ಮಾತು ಖರೆ. ನಿಕೊಲಾನನ್ನು ಕಾಣಲು ಹೊರಟ ಮರೀ ಹಳೆಯ ಕಾಲದ ಮಾದರಿಯ ಉಡುಪು ತೊಟ್ಟು, ಕೂದಲನ್ನು ಎತ್ತಿ ಕಟ್ಟಿ, ಬೀದಿಯಲ್ಲಿ ನಡೆಯುತ್ತಾಳೆ. ಫ್ರಾನ್ಸಿಸ್ ಕೂಡ ಸಿಂಗರಿಸಿಕೊಂಡು ಹೊರಟಿದ್ದಾನೆ. ಹಿನ್ನೆಲೆಯಲ್ಲಿ ಗಾಯಕಿ ದಲಿದಾ ಇಟಾಲಿಯನ್ನಿನಲ್ಲಿ ‘ಬ್ಯಾಂಗ್ ಬ್ಯಾಂಗ್’ ಹಾಡುತ್ತಾಳೆ. ಕ್ಯಾಮೆರಾ ಅವರ ಬೆನ್ನ ಹಿಂದೆಯೇ, ಕಾಲವನ್ನು ನಿಧಾನಕ್ಕೆ ಎಳೆದು, ಹೆಗಲು, ಸೊಂಟ, ಹಿಮ್ಮಡಿಗಳನ್ನು ತೋರಿಸುತ್ತದೆ. ಇಬ್ಬರ ನಡಿಗೆಯೂ ಮದುವಣಿಗರ ನಡಿಗೆ. ಅತ್ತ ಕಾಯುತ್ತಿರುವವನು ಮಾತ್ರ ಹರಟೆಗೆಂದು ಬಂದ ಒಬ್ಬ ಹುಡುಗ.

ಈ ಚಿತ್ರದಲ್ಲಿ ಸೊಗಸೇ ಎಲ್ಲ, ಒಳಗೆ ತಿರುಳಿಲ್ಲ ಎನ್ನುವವರ ಜೊತೆ ನಾನು ವಾದಕ್ಕೆ ನಿಲ್ಲುತ್ತೇನೆ. ಈ ಸೊಗಸು ನಿರ್ದೇಶಕನ ಶೋಕಿಯಲ್ಲ. ಮನಸೋತವರ ಕಣ್ಣಿಗೆ ಲೋಕ ಹೇಗೆ ಕಾಣುತ್ತದೋ ಹಾಗೆಯೇ ಪರದೆಯ ಮೇಲೆ ಕಾಣುತ್ತಿದೆ. ನಿಕೊಲಾನ ಹುಟ್ಟುಹಬ್ಬದ ಕೂಟವನ್ನು ನೋಡಿ. ಅವನು ತನ್ನ ತಾಯಿಯ ಜೊತೆ ಕುಣಿಯುತ್ತಿದ್ದಾನೆ, ದೀಪಗಳು ಮಿಣಮಿಣ ಹತ್ತಿ ಆರುತ್ತಿವೆ. ಮರೀ, ಫ್ರಾನ್ಸಿಸ್ ಇಬ್ಬರೂ ನೋಡುತ್ತಿದ್ದಾರೆ. ಬೆಳಕಿನ ಒಂದು ಮಿಂಚಿನಲ್ಲಿ ನಿಕೊಲಾ, ಮರುಮಿಂಚಿನಲ್ಲಿ ಮೈಕೆಲ್ಯಾಂಜೆಲೊ ಕಡೆದ ಡೇವಿಡ್ ವಿಗ್ರಹದ ಅಂಗಾಂಗ. ಇನ್ನೊಂದು ಮಿಂಚಿನಲ್ಲಿ ನಿಕೊಲಾ, ಆಮೇಲೆ ಫ್ರೆಂಚ್ ಕಲಾವಿದ ಝಾನ್ ಕಾಕ್ತೋ ಬಿಡಿಸಿದ ರೇಖಾಚಿತ್ರ. ಒಬ್ಬಳಿಗೆ ಅಮೃತಶಿಲೆ ಕಂಡರೆ ಇನ್ನೊಬ್ಬನಿಗೆ ಗೆರೆ ಕಾಣುತ್ತದೆ. ಅಲ್ಲಿ ಬೆವರುತ್ತ ಕುಣಿಯುತ್ತಿರುವ ಹುಡುಗ ಇಬ್ಬರಿಗೂ ಕಾಣುವುದು ಮಿಂಚು ಮಿಂಚಿನ ನಡುವೆ ಮಾತ್ರ.

ನಾನು ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆಯುತ್ತಿದ್ದ ಪಾಠ ಇದೇ. ಶಂಕರಾಚಾರ್ಯರು ಬ್ರಹ್ಮಸೂತ್ರದ ಭಾಷ್ಯವನ್ನು ಶುರು ಮಾಡುವುದು ಅಧ್ಯಾಸದ ವಿಚಾರದಿಂದ: ಒಂದರ ಮೇಲೆ ಇನ್ನೊಂದನ್ನು ಹೊರಿಸಿ ನೋಡುವುದು. ಅಲ್ಲಿ ಬರುವ ದೃಷ್ಟಾಂತ ಕಪ್ಪೆಚಿಪ್ಪಿನದು. ದೂರದಿಂದ ಚಿಪ್ಪು ಬೆಳ್ಳಿಯಾಗಿ ಹೊಳೆಯುತ್ತದೆ. ಹಗ್ಗ–ಹಾವಿನ ದೃಷ್ಟಾಂತ ಎಲ್ಲರ ಬಾಯಲ್ಲಿದೆ, ಆದರೆ ನನಗೆ ಬೆಳ್ಳಿಯದೇ ಹೆಚ್ಚು ಹತ್ತಿರ. ಹಾವು ಕಂಡವನನ್ನು ಆಳುವುದು ಭಯ, ಬೆಳ್ಳಿ ಕಂಡವನನ್ನು ಆಳುವುದು ಆಸೆ. ಬೆಳ್ಳಿ ಬೇಕಾಗಿದ್ದವನಿಗೇ ಚಿಪ್ಪು ಬೆಳ್ಳಿಯಾಗಿ ಕಾಣುತ್ತದೆ. ಹಿಂದೆಂದೋ ಕಂಡ ಬೆಳ್ಳಿಯ ನೆನಪು, ಇಂದಿನ ಹಸಿವು, ಮರಳಿನ ಮೇಲಿನ ಬಿಸಿಲು ಎಲ್ಲ ಕೂಡಿದಾಗ ಅವನು ಬಗ್ಗಿ ಕೈ ಚಾಚುತ್ತಾನೆ.

ಒಂದು ವರ್ಷ ಆ ಪಾಠದ ದಿನ ಒಬ್ಬ ಹುಡುಗ ತರಗತಿ ಮುಗಿದ ಮೇಲೂ ಹಿಂದಿನ ಬೆಂಚಿನಲ್ಲೇ ಕೂತಿದ್ದ. ಬಾಗಿಲ ತನಕ ಬಂದವಳನ್ನು ತಡೆದು ಕೇಳಿದ: “ಮೇಡಮ್, ಹಂಗಾದ್ರ ನಾ ಒಬ್ಬಾಕಿನ್ನ ಇಷ್ಟಪಟ್ಟದ್ದೂ ಬರೇ ಭ್ರಮೆ ಏನ್ರಿ?” ಅವನ ಕಣ್ಣು ಕೆಂಪಗಿದ್ದವು. ನಾನು ಅಂದೆ: “ಬೆಳ್ಳಿ ಸುಳ್ಳಪಾ. ಆದರ ಚಿಪ್ಪು ಖರೆ. ಆಕಿ ಖರೆ. ನೀ ಪಟ್ಟ ಸಂಕಟಾನೂ ಖರೆ. ಆ ಹುಡುಗಿ ನಿನ್ನ ಬೆಳ್ಳಿ ಆಗಬೇಕಾಗಿತ್ತು ಅನ್ನೂದಷ್ಟ ಸುಳ್ಳು.” ಅವನು ಬಹಳ ಹೊತ್ತು ಸುಮ್ಮನಿದ್ದು, ತಲೆ ಆಡಿಸಿ ಹೋದ. ಭ್ರಮೆ ಎಂದ ಕೂಡಲೇ ಏನೂ ಇಲ್ಲ ಎಂದು ಅರ್ಥ ಮಾಡಿಕೊಳ್ಳುವುದು ವೇದಾಂತ ಓದುವವರಿಗೆ ಅಂಟುವ ದೊಡ್ಡ ರೋಗ. ಅಧಿಷ್ಠಾನವಿಲ್ಲದೆ ಆರೋಪವಿಲ್ಲ. ಹೊಳೆಯುವುದಕ್ಕೂ ಒಂದು ಚಿಪ್ಪು ಬೇಕು.

ಫ್ರೆಂಚ್ ಲೇಖಕ ಸ್ತಾಂದಾಲ್ 1822ರ ತನ್ನ ಪ್ರೇಮದ ಕುರಿತ ಪುಸ್ತಕದಲ್ಲಿ ಸಾಲ್ಸ್‌ಬರ್ಗಿನ ಉಪ್ಪಿನ ಗಣಿಯ ಮಾತು ತರುತ್ತಾನೆ. ಎಲೆ ಉದುರಿದ ಒಣಟೊಂಗೆಯೊಂದನ್ನು ಗಣಿಯೊಳಗೆ ಎಸೆದು ಕೆಲವು ತಿಂಗಳು ಬಿಟ್ಟು ತೆಗೆದರೆ, ಕಡ್ಡಿ ಕಡ್ಡಿಗೂ ಹರಳು ಕಟ್ಟಿ ವಜ್ರದಂತೆ ಮಿನುಗುತ್ತದೆ. ಪ್ರೇಮಿಯ ಮನಸ್ಸು ಮಾಡುವ ಕೆಲಸ ಅದೇ ಎನ್ನುತ್ತಾನೆ ಅವನು. ಶಂಕರರಿಗೂ ಇವನಿಗೂ ನಡುವೆ ಒಂದು ಸಾವಿರ ವರ್ಷದ ಅಂತರ, ಹೇಳಹೊರಟ ವಿಷಯವೂ ಬೇರೆ. ಆದರೆ ಇಬ್ಬರ ಮಾತಿನಲ್ಲೂ ಹೊಳಪಿನಷ್ಟೇ ಮುಖ್ಯವಾಗಿ ಉಳಿಯುವುದು ಒಳಗಿನ ವಸ್ತು. ಹರಳು ಕಟ್ಟುವ ಮೊದಲೂ ಟೊಂಗೆ ಇತ್ತು. ಮರೀ ಮತ್ತು ಫ್ರಾನ್ಸಿಸ್ ಆ ಟೊಂಗೆಯ ಬಗ್ಗೆ ಒಂದೇ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ನಿಕೊಲಾ ಏನು ಓದುತ್ತಾನೆ, ಅವನಿಗೆ ಯಾವುದರ ಭಯ, ತಾಯಿಯ ಜೊತೆ ಅವನ ಸಂಬಂಧ ಎಂಥದು? ಅವರಿಗೆ ಬೇಕಿಲ್ಲ. ಅವನಿಗೆ ನಟಿ ಆಡ್ರಿ ಹೆಪ್‌ಬರ್ನ್ ಇಷ್ಟ ಎಂಬ ಒಂದು ಸುದ್ದಿ ಸಿಕ್ಕರೆ ಸಾಕು, ಮರೀ ಹೆಪ್‌ಬರ್ನಳಂತೆ ಸಿಂಗರಿಸಿಕೊಂಡು ಬರುತ್ತಾಳೆ. ಅವನ ಇಷ್ಟವನ್ನು ತಿಳಿಯುವುದಕ್ಕಿಂತ ಆ ಇಷ್ಟದೊಳಗೆ ತಾನು ಹೋಗಿ ಕೂರುವ ಆತುರ ಅದು.

ಇನ್ನು ಪೈಪೋಟಿಯ ವಿಷಯ. ಒಂದೂರಿನ ಇಬ್ಬರು ಗೆಳೆಯರು ಅದೇ ಒಬ್ಬನಿಗೇ ಯಾಕೆ ಸೋಲಬೇಕು? ಕಾಕತಾಳೀಯವೆನ್ನಲು ನನಗೆ ಮನಸ್ಸಾಗದು. ಫ್ರೆಂಚ್ ಚಿಂತಕ ರೆನೆ ಜಿರಾರ್ 1961ರಲ್ಲಿ ಪ್ರಕಟಿಸಿದ ತನ್ನ ಮೊದಲ ಪುಸ್ತಕದಲ್ಲಿ ಇದಕ್ಕೊಂದು ವಿವರಣೆ ಕೊಟ್ಟ. ನಾವು ವಸ್ತುವನ್ನು ನೇರವಾಗಿ ಬಯಸುವುದಿಲ್ಲ, ಇನ್ನೊಬ್ಬರು ಬಯಸಿದ್ದನ್ನು ಕಂಡು ಬಯಸುತ್ತೇವೆ. ಸ್ಪ್ಯಾನಿಶ್ ಕಾದಂಬರಿಯ ದಾನ್ ಕಿಹೋತೆ ತಾನು ಓದಿದ ಪುಸ್ತಕದ ವೀರನನ್ನು ಮಾದರಿ ಮಾಡಿಕೊಂಡಾಗ ಜಗಳವಿಲ್ಲ, ಏಕೆಂದರೆ ಪುಸ್ತಕದ ವೀರ ಅಡ್ಡ ಬರುವುದಿಲ್ಲ. ಮಾದರಿಯಾದವನು ಪಕ್ಕದಲ್ಲೇ ಇದ್ದರೆ ಅವನೇ ಹಗೆಯಾಗುತ್ತಾನೆ. ನಮ್ಮ ಅಧ್ಯಾಸದ ಪಾಠಕ್ಕೆ ಈ ಮಾತನ್ನು ಸೇರಿಸಿಕೊಳ್ಳಬೇಕು: ದಂಡೆಯಲ್ಲಿ ಇಬ್ಬರು ನಡೆಯುತ್ತಿದ್ದಾರೆ, ಒಬ್ಬ ಬಗ್ಗಿದ್ದನ್ನು ಕಂಡೇ ಇನ್ನೊಬ್ಬನಿಗೆ ಅಲ್ಲಿ ಬೆಳ್ಳಿ ಕಂಡಿತು. ಇಬ್ಬರ ಕೈಯೂ ಒಟ್ಟಿಗೆ ಚಾಚಿತು. ಆಗ ಬೆಳ್ಳಿ ಇನ್ನೂ ಹೆಚ್ಚು ಬೆಳ್ಳಿಯಾಯಿತು.

ಗಿರೀಶ ಕಾರ್ನಾಡರ ‘ಹಯವದನ’ ನಾಟಕವೂ ಇದೇ ಗೆಳೆತನದ ಕಥೆ. ದೇವದತ್ತ, ಕಪಿಲರು ಒಬ್ಬರನ್ನೊಬ್ಬರು ಬಿಟ್ಟಿರದ ಗೆಳೆಯರು. ಪದ್ಮಿನಿ ಬಂದ ಮೇಲೆ ತಲೆಗಳು ಬದಲಾಗಿ, ಕೊನೆಗೆ ಇಬ್ಬರೂ ಕತ್ತಿ ಹಿಡಿದು ಒಬ್ಬರನ್ನೊಬ್ಬರು ಕೊಂದುಕೊಳ್ಳುತ್ತಾರೆ. ಆ ಸಾವಿನಲ್ಲಿ ಅವರ ನಡುವೆ ಒಂದು ಬಗೆಯ ರಾಜಿಯೂ ಆಗಿಬಿಡುತ್ತದೆ, ಆದರೆ ಆ ರಾಜಿಯಲ್ಲಿ ಪದ್ಮಿನಿಗೆ ಜಾಗವಿಲ್ಲ. ಯಾರಿಗಾಗಿ ಕಾದಾಡಿದರೋ ಅವಳೇ ಹೊರಗೆ ಉಳಿದಳು. ಆ ಹಳ್ಳಿಮನೆಯ ಹತ್ತಿರದ ಎಲೆರಾಶಿಯ ಮೇಲೆ ಹೊರಳಾಡುವ ಇಬ್ಬರನ್ನು ನೋಡುತ್ತಿದ್ದಾಗ ಇದು ನೆನಪಾಯಿತು. ಅಲ್ಲಿಯೂ ಆ ಜಗಳ ಇಬ್ಬರ ನಡುವಿನದು. ನಿಕೊಲಾ ಅದರೊಳಗೆ ಇಲ್ಲ. ಹೊಡೆತದಲ್ಲೂ ಅವರು ಒಬ್ಬರನ್ನೊಬ್ಬರು ಮುಟ್ಟುತ್ತಿದ್ದಾರೆ. ಆ ಚಿತ್ರದಲ್ಲಿ ಗಟ್ಟಿಯಾಗಿ ಇರುವ ಸಂಬಂಧ ಅದೊಂದೇ, ಮತ್ತು ಅವರು ಮುರಿಯಲು ಹೊರಟದ್ದೂ ಅದನ್ನೇ.

ಬೆಳ್ಳಿಯಲ್ಲ ಎಂದು ಗೊತ್ತಾದ ಕ್ಷಣದ ಮಾತಿಗೆ ಬರುತ್ತೇನೆ. ನನ್ನ ಮಟ್ಟಿಗೆ ಧರ್ಮದ ಪ್ರಶ್ನೆ ಏಳುವುದೇ ಇಲ್ಲಿ. ಫ್ರಾನ್ಸಿಸ್ ತನ್ನ ಪ್ರೀತಿಯನ್ನು ಹೇಳಿಕೊಂಡಾಗ ನಿಕೊಲಾ, ನಾನು ಗಂಡಸರನ್ನು ಬಯಸುವವನೆಂದು ನಿನಗೆ ಅನ್ನಿಸಿದ್ದಾದರೂ ಹೇಗೆ ಎಂಬಂತೆ ಕೇಳುತ್ತಾನೆ. ಆ ಪ್ರಶ್ನೆಯಲ್ಲಿ ಕ್ರೌರ್ಯ ಕಾಣುವವರಿಗೆ ಕಾಣಲಿ. ನನಗೆ ಅದರಲ್ಲಿ ಚಿಪ್ಪು ಮೊದಲ ಸಲ ಬಾಯಿಬಿಟ್ಟದ್ದು ಕೇಳಿಸಿತು: ನಾನು ಇರುವುದು ಹೀಗೆ. ಫ್ರಾನ್ಸಿಸನ ಬಚ್ಚಲುಮನೆಯ ಗೋಡೆಯ ಮೇಲೆ ಗೀಟುಗಳ ಸಾಲಿದೆ. ಸೋತ ಒಂದೊಂದು ಪ್ರೇಮಕ್ಕೂ ಒಂದೊಂದು ಗೀಟು. ಗೋಡೆಯಲ್ಲಿ ಹೆಸರಿಲ್ಲ, ಮುಖವಿಲ್ಲ. ಬಿಟ್ಟುಹೋದವರೆಲ್ಲ ಅವನಿಗೆ ಆದ ಗಾಯದ ಲೆಕ್ಕವಾಗಿ ಉಳಿದಿದ್ದಾರೆ. ಆ ಗೋಡೆ ಕಂಡು ನನಗೆ ಅವನ ಮೇಲೆ ತುಂಬ ಕರುಣೆ ಬಂತು. ಜೊತೆಗೆ ಹೆದರಿಕೆಯೂ ಆಯಿತು.

ಹೆದರಿಕೆಗೆ ಕಾರಣವಿದೆ. ವಿಷಯವನ್ನು ಮತ್ತೆ ಮತ್ತೆ ಧ್ಯಾನಿಸಿದವನಿಗೆ ಸಂಗ ಅಂಟುತ್ತದೆ, ಸಂಗ ಕಾಮವಾಗುತ್ತದೆ, ಕಾಮ ಕ್ರೋಧವಾಗುತ್ತದೆ ಎಂದು ಗೀತೆಯ ಎರಡನೆಯ ಅಧ್ಯಾಯ ಮೆಟ್ಟಿಲು ಮೆಟ್ಟಿಲಾಗಿ ತೋರಿಸುತ್ತದೆ. ಈ ಮೆಟ್ಟಿಲಿನ ತುದಿಯಲ್ಲಿ ಏನಿದೆ ಎಂದು ತಿಳಿಯಲು ದಿನಪತ್ರಿಕೆಯ ಒಳಪುಟ ತೆರೆದರೆ ಸಾಕು: ಪ್ರೀತಿ ನಿರಾಕರಿಸಿದ್ದಕ್ಕೆ ಚಾಕು, ಮದುವೆಗೆ ಒಪ್ಪದಿದ್ದಕ್ಕೆ ಆಸಿಡ್. 2013ರಲ್ಲಿ ಭಾರತೀಯ ದಂಡ ಸಂಹಿತೆಗೆ 326ಎ ಕಲಮು ಸೇರಿಸಿ, ಆಸಿಡ್ ದಾಳಿಗೆ ಕನಿಷ್ಠ 10 ವರ್ಷ, ಹೆಚ್ಚೆಂದರೆ ಜೀವಾವಧಿ ಶಿಕ್ಷೆ ಗೊತ್ತು ಮಾಡಿದರು. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 124ನೇ ಕಲಮು. ಇದಕ್ಕೆಂದೇ ಒಂದು ಕಾನೂನು ಬೇಕಾಯಿತು ಎಂಬುದು ಯಾವುದೇ ಸಮಾಜ ತಲೆ ತಗ್ಗಿಸಬೇಕಾದ ಸಂಗತಿ. ಆಸಿಡ್ ಎರಚುವವನು ಯಾರ ಮೇಲೆ ಸಿಟ್ಟಾಗಿದ್ದಾನೆ? ಬೆಳ್ಳಿಯಾಗಲಿಲ್ಲ ಎಂದು ಚಿಪ್ಪಿನ ಮೇಲೆ. ತಾನು ಬೆಳ್ಳಿ ಎಂದು ಚಿಪ್ಪು ಯಾವತ್ತೂ ಹೇಳಿರಲಿಲ್ಲ.

ಶಂಕರರ ವಿಚಾರದಲ್ಲಿ ನನಗೆ ಬಹಳ ಬೆಲೆಯುಳ್ಳದ್ದಾಗಿ ಕಾಣುವ ಭಾಗ ಇದು. ಒಂದರ ಮೇಲೆ ಇನ್ನೊಂದನ್ನು ಹೊರಿಸಿದಾಗ, ಹೊರಿಸಿದ್ದರ ಗುಣದೋಷಗಳು ಅಡಿಯಲ್ಲಿರುವ ವಸ್ತುವಿಗೆ ಚೂರೂ ತಾಗವು. ಅವರು ಹೇಳುತ್ತಿರುವುದು ಆತ್ಮದ ಬಗ್ಗೆ, ನಾನು ಅದನ್ನು ಮನುಷ್ಯ–ಮನುಷ್ಯರ ನಡುವೆ ತಂದು ನೋಡುತ್ತಿದ್ದೇನೆ. ಒಬ್ಬರು ನಮಗೆ ದೇವತೆಯಾಗಿ ಕಂಡರೆ ಅವರ ಮೇಲೆ ಸಾಲ ಹೊರಿಸಿದಂತಾಗುವುದಿಲ್ಲ. ಆಮೇಲೆ ಮೋಸಗಾರರಾಗಿ ಕಂಡರೆ ಅದೂ ಅವರ ಅಪರಾಧವಾಗುವುದಿಲ್ಲ. ಎರಡೂ ನಮ್ಮ ಕಣ್ಣಿನ ಕೆಲಸ. ಇದನ್ನು ಹೈಸ್ಕೂಲಿನ ಮಕ್ಕಳಿಗೂ ಕಲಿಸಬೇಕೆಂದು ನನ್ನ ಬಲವಾದ ಅಭಿಪ್ರಾಯ. ಹುಡುಗಿ ಒಲ್ಲೆ ಎಂದಷ್ಟೂ ಬೆನ್ನು ಹತ್ತಿದ ನಾಯಕ ಕೊನೆಗೆ ಗೆದ್ದೇ ಗೆಲ್ಲುವುದನ್ನು ತೋರಿಸುವ ಸಿನಿಮಾಗಳ ನಡುವೆ ಅವರು ಬೆಳೆಯುತ್ತಿದ್ದಾರೆ.

ಹಾಗಾದರೆ ತಿರುಗಿ ಬಾರದ ಪ್ರೀತಿಯೆಲ್ಲ ಬರಿಯ ಕಲ್ಪನೆಯೋ? ಸಿಮೋನ್ ವೇಯ್ ಎಂಬ ಫ್ರೆಂಚ್ ಚಿಂತಕಿ ಈ ವಿಷಯದಲ್ಲಿ ಬಹಳ ಕಠಿಣಳು. ಒಬ್ಬರ ರೂಪದ ಮೂಲಕ ಇಲ್ಲದ ವ್ಯಕ್ತಿಯೊಬ್ಬರನ್ನು ಪ್ರೀತಿಸುತ್ತಿದ್ದೆವೆಂದು ತಿಳಿಯುವುದು ಪ್ರಿಯರ ಸಾವಿಗಿಂತ ಘೋರ, ಪ್ರೀತಿಗೆ ಕಲ್ಪನೆಯನ್ನು ಉಣಿಸಿದ ತಪ್ಪಿಗೆ ಅದೇ ಶಿಕ್ಷೆ ಎಂಬುದು ಅವಳ ವಿಚಾರ. ಪ್ರೀತಿಗೆ ಸತ್ಯ ಬೇಕು ಎಂಬಲ್ಲಿ ನಾನು ಅವಳ ಪಕ್ಷ. ಶಿಕ್ಷೆ ಎನ್ನುವಲ್ಲಿ ನನ್ನ ದಾರಿ ಬೇರೆ. ಭ್ರಮೆ ಕಳೆದಾಗ ವೇದಾಂತದಲ್ಲಿ ಯಾರೂ ದಂಡ ತೆರುವುದಿಲ್ಲ. ಬೆಳ್ಳಿ ಹೋಗುತ್ತದೆ, ಚಿಪ್ಪು ಕಾಣುತ್ತದೆ, ನೋಡುವವನ ಕಣ್ಣು ಮೊದಲಿಗಿಂತ ತಿಳಿಯಾಗುತ್ತದೆ. ಅದು ಲಾಭ.

ಇನ್ನೂ ದೊಡ್ಡ ಆಕ್ಷೇಪ ನಮ್ಮ ಮನೆಯೊಳಗಿಂದಲೇ ಏಳುತ್ತದೆ. ಅಕ್ಕಮಹಾದೇವಿ ಪ್ರೀತಿಸಿದ್ದು ಯಾರೂ ಕಣ್ಣಾರೆ ಕಾಣದ ಚೆನ್ನಮಲ್ಲಿಕಾರ್ಜುನನನ್ನು. ಅವನು ತಿರುಗಿ ಪ್ರೀತಿಸಿದ ಎಂಬುದಕ್ಕೆ ಹೊರಗಿನ ಸಾಕ್ಷಿ ಏನಿದೆ? ಲೋಕದ ಲೆಕ್ಕದಲ್ಲಿ ಅದೂ ಏಕಮುಖದ ಪ್ರೇಮವೇ. ಉಡುತಡಿಯ ಆ ಕಥೆಯಲ್ಲಿ ಇನ್ನೊಬ್ಬ ಏಕಮುಖದ ಪ್ರೇಮಿಯೂ ಇದ್ದಾನೆಂಬುದನ್ನು ನಾವು ಮರೆಯುತ್ತೇವೆ: ಅರಸ ಕೌಶಿಕ. ಮದುವೆ ಆಯಿತೋ ಇಲ್ಲವೋ ಎಂಬಲ್ಲಿ ಹರಿಹರ, ಚಾಮರಸರಂಥ ಕವಿಗಳಲ್ಲಿ ಭೇದವಿದೆ, ಆದರೆ ಅವನು ಅವಳನ್ನು ಕಂಡು ಸೋತದ್ದರಲ್ಲಿ ಭೇದವಿಲ್ಲ. ಕೌಶಿಕನಿಗೆ ಪ್ರತಿಸ್ಪರ್ಧಿಯಾದವನು ಶಿವ. ಒಂದೇ ಕಥೆಯಲ್ಲಿ ಎರಡು ಪ್ರೇಮ, ಎರಡೂ ಲೋಕದ ಕಣ್ಣಿಗೆ ಒಮ್ಮುಖ. ಒಂದು ಪ್ರೇಮ ಅರಮನೆಯ ಬಾಗಿಲು ಹಾಕಲು ನೋಡಿತು. ಇನ್ನೊಂದು ಅವಳನ್ನು ಉಟ್ಟ ಬಟ್ಟೆಯ ಹಂಗೂ ಇಲ್ಲದೆ ಕಲ್ಯಾಣದ ದಾರಿಗೆ ಹಚ್ಚಿತು. ಎರಡಕ್ಕೂ ವ್ಯತ್ಯಾಸ ಎಲ್ಲಿದೆ?

ಪ್ರಿಯನು ಮನುಷ್ಯನೋ ದೇವರೋ ಎಂಬುದರಲ್ಲಿ ಎಂದು ಸುಲಭವಾಗಿ ಹೇಳಿಬಿಡಬಹುದು. ನನಗೆ ಅದು ಸಾಲದು. ದೇವರ ಹೆಸರಿನಲ್ಲೂ ಚಾಕು ಎತ್ತಿದವರಿದ್ದಾರೆ. ನಾನು ಕಂಡುಕೊಂಡ ಒರೆಗಲ್ಲು ಬೇರೆ: ನಾನು ಪ್ರೀತಿಸುವವರನ್ನೇ ಪ್ರೀತಿಸುವ ಇನ್ನೊಬ್ಬರು ಎದುರಾದಾಗ ನನಗೆ ಏನಾಗುತ್ತದೆ? ಅಕ್ಕ ಕಲ್ಯಾಣಕ್ಕೆ ಬಂದಾಗ ಅಲ್ಲಿ ತುಂಬಿದ್ದವರು ಅದೇ ಶಿವನಿಗೆ ಮನಸೋತವರು. ಒಬ್ಬರಿಗೆ ಅವನು ಕೂಡಲಸಂಗಮದೇವ, ಒಬ್ಬರಿಗೆ ಗುಹೇಶ್ವರ, ಇವಳಿಗೆ ಚೆನ್ನಮಲ್ಲಿಕಾರ್ಜುನ. ಅಲ್ಲಮ ಅವಳನ್ನು ಬಿರುಸಾಗಿಯೇ ಪರೀಕ್ಷಿಸಿದ, ಆದರೆ ಅದು ಪಾಲಿನ ಜಗಳವಾಗಿರಲಿಲ್ಲ. ಅವರನ್ನೆಲ್ಲ ಕಂಡು ಅವಳಿಗೆ ತನ್ನ ಪ್ರಿಯ ಕಡಿಮೆಯಾಗಲಿಲ್ಲ, ತನಗೆ ಬಳಗ ಸಿಕ್ಕಿತು. ಕೌಶಿಕನಿಗೆ ಮಾತ್ರ ಅವಳ ಎದೆಯಲ್ಲಿ ಇನ್ನೊಬ್ಬ ಇದ್ದಾನೆಂಬುದೇ ಸಹಿಸಲಾರದ ಮಾತು. ಅವಳು ಪ್ರೀತಿಸಬಲ್ಲವಳು ಎಂಬುದನ್ನು ಅವನು ನೋಡಲೇ ಇಲ್ಲ. ನೋಡಿದ್ದರೆ ಅವಳ ಆ ಶಕ್ತಿಗೆ ಕೈಮುಗಿಯಬಹುದಿತ್ತು.

ಭಕ್ತಿಯಲ್ಲೂ ಸವತಿಮತ್ಸರ ಇಲ್ಲವೇ ಎಂದು ಕೇಳುವವರು ಕೇಳುತ್ತಾರೆ. ಇದೆ. ನಮ್ಮ ಕಡೆ ಬೆಳತನಕ ಆಡುವ ‘ಶ್ರೀಕೃಷ್ಣ ಪಾರಿಜಾತ’ ನಡೆಯುವುದೇ ಅದರ ಮೇಲೆ. ನಾರದ ತಂದ ಒಂದು ಹೂವು ರುಕ್ಮಿಣಿಯ ಪಾಲಾಯಿತೆಂದು ಸತ್ಯಭಾಮೆ ಮುನಿಯುತ್ತಾಳೆ. ಚಿಕ್ಕಂದಿನಲ್ಲಿ ಅವ್ವನ ತೊಡೆಯ ಮೇಲೆ ಅರೆನಿದ್ದೆಯಲ್ಲಿ ಆ ಆಟ ಕೇಳಿದ್ದೇನೆ. ಭಾಮೆಯ ಪಾತ್ರದವರು ಹೆಜ್ಜೆ ಇಟ್ಟರೆ ಹೆಂಗಸರೆಲ್ಲ ಎದ್ದು ಕೂರುತ್ತಿದ್ದರು, ಏಕೆಂದರೆ ಆ ಉರಿ ಅವರಿಗೆ ಗೊತ್ತಿತ್ತು. ಆದರೆ ಪರಂಪರೆ ಆ ಉರಿಯನ್ನು ಕೊನೆಯ ಮಾತಾಗಿ ಬಿಡಲಿಲ್ಲ. ತುಲಾಭಾರದ ಕಥೆಯಲ್ಲಿ ಅದೇ ಭಾಮೆ ತನ್ನ ಚಿನ್ನವನ್ನೆಲ್ಲ ತಕ್ಕಡಿಗೆ ಸುರಿದರೂ ಕೃಷ್ಣ ತೂಗುವುದಿಲ್ಲ. ರುಕ್ಮಿಣಿ ಇಟ್ಟ ಒಂದು ತುಳಸಿದಳಕ್ಕೆ ತೂಗುತ್ತಾನೆ. ಭಾಮೆಗೆ ಕೃಷ್ಣ ಮತ್ತೆ ಸಿಗುವುದು ರುಕ್ಮಿಣಿಯ ಕೈಯಿಂದ, ಯಾರನ್ನು ಹಗೆ ಎಂದು ತಿಳಿದಿದ್ದಳೋ ಅವಳ ಕೈಯಿಂದಲೇ. ಮತ್ಸರ ಮನುಷ್ಯರಿಗೆ ಸಹಜವೆಂದು ಒಪ್ಪಿಕೊಂಡು, ಅದರಾಚೆ ಒಂದು ಹೆಜ್ಜೆ ಇದೆಯೆಂದು ಆ ಕಥೆ ತೋರಿಸುತ್ತದೆ.

ದೊಲಾನ್ ಹೇಳುತ್ತಿರುವುದು ಭಕ್ತಿಯ ಕಥೆಯಲ್ಲ, ಅವನ ಚಿತ್ರದಲ್ಲಿ ದೇವರ ಮಾತೂ ಇಲ್ಲ. ಆದರೂ ಅವನು ಒಂದು ಒಳ್ಳೆಯ ಕೆಲಸ ಮಾಡಿದ್ದಾನೆ. ಮೂವರ ಕಥೆಯ ನಡುನಡುವೆ, ಆ ಕಥೆಗೆ ಸಂಬಂಧವೇ ಇಲ್ಲದ ಕೆಲವು ಯುವಕ ಯುವತಿಯರನ್ನು ಕ್ಯಾಮೆರಾದ ಮುಂದೆ ಕೂರಿಸುತ್ತಾನೆ. ಒಬ್ಬೊಬ್ಬರಾಗಿ ಅವರು ತಮ್ಮ ಮುರಿದ ಪ್ರೇಮದ, ಬಾರದ ಉತ್ತರದ, ಕಾದು ಕಾದು ಸೋತದ್ದರ ಕಥೆ ಹೇಳುತ್ತಾರೆ. ಇಲ್ಲಿ ನಿಧಾನದ ನಡಿಗೆಯಿಲ್ಲ, ಹಾಡಿಲ್ಲ, ಮುಖಗಳು ಬರಿದಾಗಿವೆ. ಬಹಳ ಮಂದಿಗೆ ಇದು ಕಥೆಗೆ ಅಡ್ಡಿಯೆನಿಸುತ್ತದಂತೆ. ನನಗೆ ಚಿತ್ರದ ಜೀವವೇ ಇಲ್ಲಿ ಕಂಡಿತು. ಫ್ರಾನ್ಸಿಸ್ ಗೋಡೆಯ ಮೇಲೆ ಒಬ್ಬನೇ ಗೀಟು ಎಳೆಯುತ್ತಿದ್ದಾಗ, ಹೊರಗೆ ಇಷ್ಟು ಜನ ತಮ್ಮ ತಮ್ಮ ಗೋಡೆಗಳ ಮುಂದೆ ನಿಂತಿದ್ದಾರೆ. ಸಂಕಟ ಒಂದೇ ಎಂದು ಗೊತ್ತಾದ ಮೇಲೆ ಅವರು ಒಬ್ಬರಿಗೊಬ್ಬರು ಎದುರಾಳಿಗಳಾಗಿ ಉಳಿಯಬೇಕಿಲ್ಲ.

ಕಥೆ ಒಂದು ವರ್ಷ ಮುಂದಕ್ಕೆ ಹೋಗುತ್ತದೆ. ಮರೀ, ಫ್ರಾನ್ಸಿಸ್ ಮತ್ತೆ ಸ್ನೇಹಿತರಾಗಿದ್ದಾರೆ. ಒಂದು ಪಾರ್ಟಿಯಲ್ಲಿ ನಿಕೊಲಾ ಸಹಜವಾಗಿ ಮಾತಾಡಿಸಲು ಬರುತ್ತಾನೆ. ಫ್ರಾನ್ಸಿಸ್ ಮಾತಿನ ಬದಲು ಪ್ರಾಣಿಯಂತೆ ಕಿರುಚುತ್ತಾನೆ. ಚಿಪ್ಪಿನ ಮೇಲಿನ ಸಿಟ್ಟು ಇನ್ನೂ ಆರಿಲ್ಲ. ಅಷ್ಟರಲ್ಲಿ ಕೋಣೆಯ ಆ ತುದಿಯಲ್ಲಿ ಲೂಯಿ ಗರೆಲ್ ನಟಿಸಿದ ಹೊಸಬನೊಬ್ಬ ಕಾಣುತ್ತಾನೆ. ಇಬ್ಬರ ಕಣ್ಣೂ ಅವನ ಮೇಲೆ ನಿಲ್ಲುತ್ತದೆ, ಇಬ್ಬರೂ ಅವನತ್ತ ನಡೆಯುತ್ತಾರೆ. ಅಲ್ಲಿಗೆ ಚಿತ್ರ ಮುಗಿಯುತ್ತದೆ.

“ಇಷ್ಟೆಲ್ಲಾ ಆದ ಮ್ಯಾಲೂ ಏನ್ ಕಲಿತಂಗಾತು ಅತ್ತಿ?” ಎಂದು ತಮ್ಮನ ಮಗಳು ಕೇಳಿದಳು. ನಾನು ಅವಳಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಇನ್ನಷ್ಟು ಬಿಡಿಸಿ ಬರೆಯುತ್ತೇನೆ. ಒಂದು ಸಲ ತಿಳಿದರೆ ಮನಸ್ಸಿಗೆ ಅಂಟಿದ ವಾಸನೆ ಹೋಗುವುದಿಲ್ಲ. ಅದಕ್ಕೇ ನಮ್ಮವರು ಶ್ರವಣ ಸಾಲದು, ಮನನ ಬೇಕು, ನಿದಿಧ್ಯಾಸನ ಬೇಕು ಎಂದರು. ಕಣ್ಣು ಮತ್ತೆ ಬೆಳ್ಳಿ ಕಾಣುತ್ತದೆ, ಕಾಣಲಿ. ಹರೆಯದ ಎದೆ ಮಿಡಿಯುವುದನ್ನು ಪಾಪ ಎನ್ನುವ ವೇದಾಂತ ನನಗೆ ಬೇಡ. ಮಿಡಿದವರು ಎರಡು ಕೆಲಸ ಮಾಡಲಿ. ಆ ಹೊಸಬನ ಹತ್ತಿರ ಹೋದಾಗ ಅವನು ಯಾರೆಂದು ಕೇಳಲಿ, ಉತ್ತರ ಕೊಡಲು ಅವನಿಗೆ ಪುರುಸೊತ್ತು ಕೊಡಲಿ, ಆ ಉತ್ತರ ‘ಒಲ್ಲೆ’ ಎಂದಾದರೆ ಅದೂ ಅವನ ಬಗ್ಗೆ ತಿಳಿದ ಒಂದು ನಿಜವೆಂದು ಇಟ್ಟುಕೊಳ್ಳಲಿ. ಇನ್ನೊಂದು ಕೆಲಸ ಪಕ್ಕದಲ್ಲಿ ನಡೆಯುತ್ತಿರುವ ಗೆಳೆಯನ, ಗೆಳತಿಯ ವಿಷಯದ್ದು. ಇಬ್ಬರೂ ಒಂದೇ ಕಡೆ ಹೊರಟರು ಎಂಬುದರಿಂದ ಏನೂ ತೀರ್ಮಾನವಾಗುವುದಿಲ್ಲ. ಆ ಹೊಸಬ ಮರೀಯ ಕಡೆ ತಿರುಗಿ ನಕ್ಕ ದಿನ ಫ್ರಾನ್ಸಿಸ್ ಏನು ಮಾಡುತ್ತಾನೆ, ಫ್ರಾನ್ಸಿಸನ ಕೈ ಹಿಡಿದ ದಿನ ಮರೀ ಏನು ಮಾಡುತ್ತಾಳೆ ಎಂಬುದರಲ್ಲಿ ಅವರು ಕಲಿತದ್ದು ಗೊತ್ತಾಗುತ್ತದೆ. ಎದೆಯಲ್ಲಿ ನೋವಿಟ್ಟುಕೊಂಡೂ ಗೆಳತಿಯ ಸುಖಕ್ಕೆ ಸುಖಪಡಲು ಫ್ರಾನ್ಸಿಸನಿಗೆ ಆದರೆ, ಅವನು ಆಗ ಪ್ರೀತಿಸುತ್ತಿದ್ದಾನೆಂದು ನಾನು ಒಪ್ಪುತ್ತೇನೆ.